ಎಡಗೈ ತೋರಿಸಿದ ದುರ್ಬೀನು

ಗೋಡೆಯ ಮೇಲೆ ಒಂದು ಎತ್ತಿನ ಗಾಡಿ ತಲೆಕೆಳಗಾಗಿ ಹೋಗುತ್ತಿತ್ತು. ಗಾಲಿಗಳು ಮೇಲೆ, ಎತ್ತಿನ ಕೊಂಬುಗಳು ಕೆಳಗೆ. ಗಾಡಿ ಹೊಡೆಯುವವನ ಕೆಂಪು ರುಮಾಲು ನೆಲದ ಕಡೆಗೆ ಮುಖ ಮಾಡಿತ್ತು. ಆದರೂ ಕಳಚಿ ಬೀಳುತ್ತಿರಲಿಲ್ಲ.

ಪೊಲೀಸು ಅಮೀನ ಮುರ್ತುಜಾ ಕತ್ತಲಲ್ಲಿ ನಿಂತು ಅದನ್ನು ನೋಡುತ್ತಿದ್ದ. ಗಾಡಿ ಗೋಡೆಯ ಮೂಲೆ ಮುಟ್ಟಿ ಮಾಯವಾಯಿತು. ಅದರ ಹಿಂದೆ ತಲೆಯ ಮೇಲೆ ಕೊಡ ಹೊತ್ತ ಒಬ್ಬ ಹೆಂಗಸು ಬಂದಳು, ಕೊಡದ ಮೇಲೆ ನಿಂತವಳ ಹಾಗೆ.

"ಮಾಟ ಅಲ್ಲರಿ ಇದು," ಎಂದ ದೇವೀಂದ್ರಪ್ಪ ಗೌಡ ಪಕ್ಕದಿಂದ. "ಕಿಡಕಿ ಹಲಗ್ಯಾಗ ಒಂದು ತೂತು ಹೊಡದೇನಿ. ಹೊರಗಿನ ಬೆಳಕು ಅಷ್ಟು ಸಣ್ಣ ಸಂದಿನಾಗ ಹಾದು ಬರುವಾಗ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ. ಅಷ್ಟ."

"ಊರ ಮಂದಿ ನೋಡ್ಯಾರೇನ್ರಿ?"

"ಒಮ್ಮೆ ನೋಡಿದಾವ ಮತ್ತ ಬರಂಗಿಲ್ಲ. ತಮ್ಮ ಮನಿ ಬಾಗಿಲು ತಲಿಕೆಳಗ ಕಂಡ್ರ ಯಾರಿಗೆ ಸೇರ್ತದರಿ?"

ಗೌಡ ಕಿಟಕಿಯ ಹಲಗೆ ಸರಿಸಿದ. ಬಿಸಿಲು ಒಳಗೆ ಬಂತು. ಗೋಡೆ ಮತ್ತೆ ಬರೀ ಸುಣ್ಣದ ಗೋಡೆಯಾಯಿತು.

ಈ ತಮಾಷೆ ನೋಡಲೆಂದು ಮುರ್ತುಜಾ ಅಫಜಲಪುರದಿಂದ ಮಣ್ಣೂರಿಗೆ ಕುದುರೆ ಏರಿ ಬಂದಿರಲಿಲ್ಲ. ಭೀಮೆಯ ನಡುಗಡ್ಡೆಯಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ಬೀರಲಿಂಗಪ್ಪನನ್ನು ಕೊಂದ ಆರೋಪದ ಮೇಲೆ ಹರಗೋಲು ನಡೆಸುವ ಮಾಳಿಂಗಪ್ಪ ಠಾಣೆಯ ಕೋಣೆಯಲ್ಲಿ ಕುಳಿತಿದ್ದ. ಅವನನ್ನು ಅಲ್ಲಿ ಕೂಡಿಸಿದ್ದು ಈ ಗೌಡನ ಒಂದೇ ಮಾತು. ಹೊಡೆದವನು ಎಡಗೈಯಿಂದ ಹೊಡೆದ, ಮಾಳಿಗೆಯ ಮೇಲಿನ ದುರ್ಬೀನಿನಲ್ಲಿ ಕಣ್ಣಾರೆ ಕಂಡೆ, ಎಂದು ಗೌಡ ಹೇಳಿಕೆ ಕೊಟ್ಟಿದ್ದ. ಮಾಳಿಂಗಪ್ಪ ಎಡಚ ಎಂಬುದು ಹೊಳೆಯ ಎರಡೂ ದಂಡೆಗೆ ಗೊತ್ತಿದ್ದ ಸಂಗತಿ.

ಮೇಲಾಗಿ ಜಗಳವೂ ಇತ್ತು. ಹರಗೋಲಿನಿಂದ ಇಳಿದ ಮಂದಿ ಕಲ್ಲಂಗಡಿ ಬಳ್ಳಿ ತುಳಿದು ಹಾಳು ಮಾಡುತ್ತಾರೆಂದು ಬೀರಲಿಂಗಪ್ಪ ಆ ಚಳಿಗಾಲವೆಲ್ಲ ಮಾಳಿಂಗಪ್ಪನ ಮೇಲೆ ಹರಿಹಾಯ್ದಿದ್ದ. ಕೇಳಿದವರು ಬೇಕಾದಷ್ಟು ಮಂದಿ.

ನಾಳೆ ಬೆಳಗಾದರೆ ಮಾಳಿಂಗಪ್ಪನನ್ನು ಗುಲ್ಬರ್ಗಾದ ಅದಾಲತ್ತಿಗೆ ಒಪ್ಪಿಸಬೇಕು. ಗೌಡನಂಥವನ ಸಾಕ್ಷಿ ಇದ್ದ ಮೇಲೆ ಅವನು ತಿರುಗಿ ಹರಗೋಲು ಹತ್ತುವ ಮಾತು ಇರಲಿಲ್ಲ. ಹಿಡಿದಾಗ ಅವನು "ನಾ ಹೊಡದಿಲ್ಲರಿ" ಎಂದು ಒಮ್ಮೆ ಹೇಳಿದ್ದ. ಆಮೇಲೆ ಹರಗೋಲನ್ನು ನೀರಿನಿಂದ ಮೇಲೆ ಎಳೆದಿಟ್ಟಿದ್ದಾರೋ ಇಲ್ಲವೋ ಎಂದು ಕೇಳಿದ್ದ. ಬೇರೆ ಮಾತಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ನಿನ್ನೆ ಸಂಜೆಯವರೆಗೆ.

ನಿನ್ನೆ ಸಂಜೆ ಚಹಾ ಕುಡಿಯುತ್ತ ದವಾಖಾನೆಯ ಡಾಕ್ಟರು ಸುಮ್ಮನೆ ಒಂದು ಮಾತು ಆಡಿದರು. ಹೆಣ ಸೊನ್ನದ ಹತ್ತಿರ ದಂಡೆಗೆ ಹತ್ತಿದಾಗ ಮೀನು ತಿಂದು ಮುಖ ಉಳಿದಿರಲಿಲ್ಲ, ಹೆಂಡತಿ ನಿಂಬೆವ್ವ ಬಂದು ಗುರುತು ಹಿಡಿಯಬೇಕಾಯಿತು. ಆದರೆ ತಲೆಬುರುಡೆಯ ಪೆಟ್ಟು ಸ್ಪಷ್ಟವಾಗಿತ್ತು, ಎಡಗಡೆಯ ಕಣತಲೆಗೆ, ಎದುರಿನಿಂದ ಬಿದ್ದದ್ದು ಎಂದರು. ಮುರ್ತುಜಾ ಚಹಾ ಮುಗಿಸಿ ಮನೆಗೆ ಹೋದ. ಉಣ್ಣುವಾಗ ಎಡಗೈಯನ್ನು ಒಮ್ಮೆ ಮೇಲೆತ್ತಿ ನೋಡಿಕೊಂಡ. ಹೆಂಡತಿ ನೊಣ ಇದೆಯೇ ಎಂದು ಕೇಳಿದಳು.

ಎದುರು ನಿಂತು ಎಡಗೈಯಿಂದ ಹೊಡೆದರೆ ಪೆಟ್ಟು ಬಲಗಡೆ ಬೀಳಬೇಕಲ್ಲ.

ಅದಕ್ಕೇ ಬಂದಿದ್ದ.

"ಇದನ್ನ ನೋಡ್ರಿ," ಎಂದು ದೇವೀಂದ್ರಪ್ಪ ಗೂಡಿನಿಂದ ಒಂದು ದುಂಡನೆಯ ರಟ್ಟು ತೆಗೆದ. ಒಂದು ಮಗ್ಗುಲಿಗೆ ಹಸಿರು ಗಿಳಿ, ಇನ್ನೊಂದು ಮಗ್ಗುಲಿಗೆ ಖಾಲಿ ಪಂಜರ. ಎರಡೂ ಕಡೆಯ ದಾರಗಳನ್ನು ಬೆರಳಲ್ಲಿ ಹೊಸೆದು ಬಿಟ್ಟ. ರಟ್ಟು ಗರಗರ ತಿರುಗಿತು, ಗಿಳಿ ಪಂಜರದೊಳಗೆ ಕೂತಿತು.

"ಗಿಳಿ ಒಳಗ ಹೋಗಿಲ್ಲ. ನಿಮ್ಮ ಕಣ್ಣು ಅದನ್ನ ಒಳಗ ಹಾಕ್ತು," ಎಂದ ಗೌಡ.

ಗೌಡ ಎತ್ತರದ ಆಳು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕು. ಮಣ್ಣೂರಿನ ಒಳ್ಳೆಯ ಕರಿ ಹೊಲವೆಲ್ಲ ಅವನದು. ಹೊಲ ನೋಡುವುದನ್ನು ಆಳುಗಳಿಗೆ ಬಿಟ್ಟು ಆಕಾಶ ನೋಡುವುದು ಅವನ ಚಟ. ಸೊಲ್ಲಾಪುರದಲ್ಲಿ ವಿಲಾಯತಿಗೆ ಮರಳುತ್ತಿದ್ದ ಒಬ್ಬ ಇಂಜಿನಿಯರನ ಸಾಮಾನು ಲಿಲಾವಾದಾಗ ಎಲ್ಲರೂ ಕುರ್ಚಿ, ಮಂಚ ಕೂಗಿದರೆ ಇವನು ಹಿತ್ತಾಳೆ ದುರ್ಬೀನು ಹಿಡಿದುಕೊಂಡು ಬಂದಿದ್ದ. ಸೂರ್ಯನ ಮೈಮೇಲಿನ ಕಪ್ಪು ಕಲೆಗಳನ್ನು ಬಿಳಿ ಕಾಗದದ ಮೇಲೆ ಇಳಿಸಿ ಶಾಲೆಯ ಮಾಸ್ತರರಿಗೆ ತೋರಿಸಿದ್ದ. ಹುಣ್ಣಿಮೆಯ ಚಂದ್ರ ಹುಟ್ಟುವಾಗ ದೊಡ್ಡದು ಕಾಣುವುದು ಸುಳ್ಳೆಂದು ಪಂಚರ ಮುಂದೆ ವಾದಿಸಿ, ಜೋಳದ ದಂಟಿನ ಕೊಳವೆಯಲ್ಲಿ ಎಲ್ಲರಿಗೂ ಚಂದ್ರನನ್ನು ನೋಡಿಸಿ, ಅದು ನೆತ್ತಿಗೆ ಬಂದಾಗಲೂ ಅಷ್ಟೇ ಇದೆ ಎಂದು ಒಪ್ಪಿಸಿದ್ದ. ಜರ್ಮನಿಯ ಲಡಾಯಿ ಶುರುವಾಗಿ ಚಿಮಣಿ ಎಣ್ಣೆ ಸಿಗದಂತಾದಾಗ ಊರೆಲ್ಲ ಗೊಣಗಿತು. ದೀಪ ಕಡಿಮೆಯಾದರೆ ಚುಕ್ಕಿ ಹೆಚ್ಚು ಕಾಣುತ್ತವೆ ಎಂದು ಇವನೊಬ್ಬ ಸಂತೋಷಪಟ್ಟ.

ಇಂಥವನು ಸುಳ್ಳು ಹೇಳುತ್ತಾನೆಂದು ಮುರ್ತುಜಾನಿಗೆ ಅನ್ನಿಸಲಿಲ್ಲ. ತಪ್ಪು ನೋಡಿರಬಹುದು. ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು.

ಬಾಗಿಲ ಮರೆಯಿಂದ ಬಳೆಯಿಲ್ಲದ ಒಂದು ಕೈ ಮಜ್ಜಿಗೆಯ ತಂಬಿಗೆಯನ್ನು ಹೊಸ್ತಿಲ ಒಳಗಿಟ್ಟು ಹಿಂದೆ ಸರಿಯಿತು.

"ನಮ್ಮ ತಂಗಿ, ಸಕ್ಕುಬಾಯಿ," ಎಂದ ಗೌಡ. "ಮದಿವಿ ಆದ ವರ್ಷದಾಗ ಗಂಡ ಪ್ಲೇಗಿನಾಗ ಹೋದ. ಇಲ್ಲೇ ಇರ್ತಾಳ."

ಮಜ್ಜಿಗೆ ಕುಡಿದು ಮುರ್ತುಜಾ ಎದ್ದ. "ಮಾಳಿಗಿ ಮ್ಯಾಲ ಹೋಗೂನೇನ್ರಿ ಗೌಡ್ರ? ಆ ದಿನ ನೀವು ನಿಂತಿದ್ದ ಜಾಗಾ ನೋಡ್ತೇನಿ."

"ಬರ್ರಿ, ಬರ್ರಿ. ಶುಕ್ರ ಕಾಣ್ಲಿಕ್ಕೆ ಇನ್ನೂ ಹೊತ್ತು ಅದ. ಹೊಳಿ ನೋಡ್ಲಿಕ್ಕೆ ಇದೇ ಹೊತ್ತು."

* * *

ಮಣ್ಣಿನ ಮಾಳಿಗೆಯ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಕೆಳಗೆ ಭೀಮೆ, ನಡುವೆ ಮರಳಿನ ಗಡ್ಡೆ, ಗಡ್ಡೆಯ ಮೇಲೆ ಕಲ್ಲಂಗಡಿಯ ಹಸಿರು ಸಾಲುಗಳು ಮತ್ತು ಬೀರಲಿಂಗಪ್ಪನ ಗುಡಿಸಲು. ಗಡ್ಡೆಯಾಚೆ ಇನ್ನೊಂದು ಕವಲು ನೀರು, ಅದರಾಚೆ ಈ ಕಡೆಯ ಪೊಲೀಸರ ಅಧಿಕಾರ ನಡೆಯದ ಬ್ರಿಟಿಷರ ಸರಹದ್ದು. ಬರಿಗಣ್ಣಿಗೆ ಗುಡಿಸಲು ಒಂದು ಗುಬ್ಬಿಗೂಡಿನಷ್ಟು.

ಗಂಡ ಸತ್ತರೂ ನಿಂಬೆವ್ವ ಗಡ್ಡೆ ಬಿಟ್ಟಿರಲಿಲ್ಲ. ಕಾಯಿ ಹಣ್ಣಾಗುವ ಕಾಲ, ನರಿಗಳ ಕಾಟ. ಮುರ್ತುಜಾ ಬರುವಾಗಲೇ ತನ್ನ ಜವಾನ ಲಾಲಸಾಬನನ್ನು ಗಡ್ಡೆಗೆ ಕಳಿಸಿದ್ದ. ಹೊಡೆದಾಟ ನಡೆದ ಜಾಗದಲ್ಲಿ ಏನಾದರೂ ಸಿಕ್ಕೀತೇನೋ ನೋಡು, ನಾನು ಕರೆಯುವ ತನಕ ಅಲ್ಲೇ ಇರು, ಎಂದಿದ್ದ.

ದುರ್ಬೀನು ಮೂರು ಕಾಲಿನ ಮರದ ಕುದುರೆಯ ಮೇಲೆ ಕೂತಿತ್ತು. ಕಣ್ಣಿಡುವ ತುದಿಯಲ್ಲಿ ನಳಿಕೆ ಮೊಣಕೈಯಂತೆ ಮೇಲಕ್ಕೆ ಮಡಚಿತ್ತು. ಅದರ ಮುಂದೆ ಒಂದು ಗಿಡ್ಡ ಮಣೆ. ಮುರ್ತುಜಾ ಅದರ ಮೇಲೆ ಕೂತು ಬಗ್ಗಿದ. ತೀರ ಕೆಳಗಾಯಿತು. ಗೌಡನ ಎತ್ತರಕ್ಕೆ ಇದು ಹೇಗೆ ಹೊಂದುತ್ತದೋ ಎಂದು ಒಂದು ಗಳಿಗೆ ಅನ್ನಿಸಿತು.

"ಈ ಮೊಣಕೈ ತುಂಡು ಯಾಕರಿ?"

"ಅದರಾಗ ಕನ್ನಡಿ ಅದ. ಅದಿಲ್ಲಂದ್ರ ದುರ್ಬೀನಿನಾಗ ಎಲ್ಲಾ ತಲಿಕೆಳಗ, ಕೆಳಗ ಕ್ವಾಣ್ಯಾಗ ನೋಡಿದ್ರೆಲಾ ಹಂಗ. ಚುಕ್ಕಿಗೆ ಮ್ಯಾಲ ಕೆಳಗ ಇಲ್ಲ, ನಡೀತದ. ಮನುಷ್ಯಾನ್ನ ನೋಡಬೇಕಾದ್ರ ಕನ್ನಡಿ ಹಾಕೂದು. ನೆಟ್ಟಗ ನಿಲ್ತಾನ."

"ಆ ದಿನಾನೂ ಕನ್ನಡಿ ಇತ್ತೇನು?"

"ಇತ್ತು. ಅದಿಲ್ದ ದಂಡಿ ನೋಡೂದು ಹ್ಯಾಂಗರಿ?"

ಮುರ್ತುಜಾ ಕಣ್ಣಿಟ್ಟ. ಮೊದಲು ಬರೀ ನೀರು ಕಂಡಿತು. ಎಲ್ಲೋ ಕಿತ್ತುಬಂದ ಒಂದು ಜೊಂಡು ತೇಲುತ್ತ ಬಂದು ನೋಟದಿಂದ ಜಾರಿತು. ಅವನು ತಲೆ ಎತ್ತಿ ಬರಿಗಣ್ಣಿನಿಂದ ಹೊಳೆ ನೋಡಿದ. ಮತ್ತೆ ಬಗ್ಗಿದ.

ಭೀಮೆ ಅವನ ಎಡಕ್ಕೆ ಹರಿಯುತ್ತಿದ್ದಳು. ದುರ್ಬೀನಿನಲ್ಲಿ ಬಲಕ್ಕೆ ಹರಿಯುತ್ತಿದ್ದಳು.

ಅವನು ಉಸಿರು ಹಿಡಿದು ನಳಿಕೆಯನ್ನು ನಿಧಾನ ಗಡ್ಡೆಯ ಕಡೆಗೆ ತಿರುಗಿಸಿದ. ಗುಡಿಸಲು ಬಂತು. ಅದರ ಮುಂದೆ ಮರಳಲ್ಲಿ ಲಾಲಸಾಬ. ಎಷ್ಟು ಹತ್ತಿರ ಎಂದರೆ ಮೀಸೆಯ ನರೆ ಕೂಡ ಕಾಣುತ್ತಿತ್ತು. ನಿಂಬೆವ್ವ ತಂದುಕೊಟ್ಟ ತಂಬಿಗೆಯನ್ನು ಎತ್ತಿ ಅವನು ಗಟಗಟ ನೀರು ಕುಡಿದ, ಎಡಗೈಯಿಂದ.

ಲಾಲಸಾಬನ ಎಡಗೈ ಮೊಣಕೈಯಲ್ಲಿ ಮಡಚುವುದಿಲ್ಲ. ಜೇವರ್ಗಿಯ ಠಾಣೆಯಲ್ಲಿದ್ದಾಗ ಕುದುರೆಯಿಂದ ಬಿದ್ದು ಮುರಿದದ್ದು, ನೆಟ್ಟಗೆ ಕೂಡಲೇ ಇಲ್ಲ. ಆ ಕೈಯಿಂದ ಅವನು ತನ್ನ ಬಾಯಿ ಮುಟ್ಟಲಾರ.

ಮುರ್ತುಜಾ ಕಣ್ಣು ತೆಗೆಯಲಿಲ್ಲ. ಎದೆ ಮಾತ್ರ ಸ್ವಲ್ಪ ಹಗುರಾಯಿತು. ಕನ್ನಡಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿ, ಅವನ ಕೈ ಅದಲುಬದಲು ಮಾಡುತ್ತದೆ. ಗೌಡ ಎಡಗೈ ಕಂಡ, ಎಡಗೈ ಎಂದ. ನಿಜಕ್ಕೂ ಹೊಡೆದದ್ದು ಬಲಗೈ. ಪೆಟ್ಟು ಎಡಗಣತಲೆಗೆ ಬಿದ್ದದ್ದಕ್ಕೂ ಸರಿಹೋಯಿತು. ಪಾಪ, ಕಣ್ಣು ಮೋಸ ಮಾಡುವುದನ್ನು ಊರಿಗೆಲ್ಲ ತೋರಿಸಿದವನಿಗೇ ಕಣ್ಣು ಮೋಸ ಮಾಡಿದೆ. ಗೌಡನಿಗೆ ತಿಳಿಸಿ ಹೇಳಿದರೆ ಹೇಳಿಕೆ ತಿದ್ದಿಕೊಟ್ಟಾನು, ಮಾಳಿಂಗಪ್ಪ ರಾತ್ರಿಯ ಊಟಕ್ಕೆ ಮನೆಗೆ ಹೋದಾನು.

ಆದರೆ ಇಪ್ಪತ್ತು ವರ್ಷ ಪೊಲೀಸು ಚಾಕರಿ ಮಾಡಿದವನ ನಾಲಿಗೆ ಅಷ್ಟು ಬೇಗ ಸಡಿಲಾಗುವುದಿಲ್ಲ.

"ನನ್ನ ಕಣ್ಣಾಗ ನೀರು ಬರಾಕತ್ತದ," ಎಂದು ಅವನು ಎದ್ದು ಕಣ್ಣು ಒರೆಸಿಕೊಂಡ. "ನೀವು ನೋಡ್ರಿ ಗೌಡ್ರ. ನಮ್ಮ ಜವಾನ ಕೆಲಸ ಮಾಡಾಕತ್ತಾನೋ, ನಿದ್ದಿ ಹೊಡ್ಯಾಕತ್ತಾನೋ?"

ಗೌಡ ಉದ್ದನೆಯ ಕಾಲು ಮಡಚಿ ಕಷ್ಟಪಟ್ಟು ಮಣೆಯ ಮೇಲೆ ಕೂತ. ನಕ್ಕ.

"ಬೀಡಿ ಹಚ್ಚ್ಯಾನರಿ. ಬಲಗೈಯಾಗ ಬೀಡಿ, ಎಡಗೈ ತೊಡಿ ಮ್ಯಾಲ. ಆರಾಮ ಕುಂತಾನ."

"ಹೌದೇನು? ಸರೀರಿ, ನಾನೂ ನೋಡ್ತೇನಿ."

ಮುರ್ತುಜಾ ಬಗ್ಗಿ ನೋಡಿದ. ದುರ್ಬೀನಿನಲ್ಲಿ ಬೀಡಿ ಎಡಗೈಯಲ್ಲಿತ್ತು.

ಅವನು ಮಾಳಿಗೆಯ ಕಟ್ಟೆಯ ಮೇಲೆ ಕೂತ. ಕೆಳಗೆ ಅಂಗಳದಲ್ಲಿ ಯಾರೋ ಜೋಳ ಕೇರುವ ಸದ್ದು ಕೇಳುತ್ತಿತ್ತು.

"ಗೌಡ್ರ, ಕಣ್ಣಿಗೆ ಎಡಗೈ ಕಾಣ್ತದ. ನೀವು ಬಲಗೈ ಅಂದ್ರಿ."

ದೇವೀಂದ್ರಪ್ಪ ಮಣೆಯಿಂದ ಏಳಲು ಹೊರಟವನು ಹಾಗೇ ಕೂತ.

"ಕನ್ನಡಿ ಅದಲಾ. ತಿರುವಿ ತೋರಸ್ತದ. ವರ್ಷಾನುಗಟ್ಟಲೆ ನೋಡಿದಾವಗ ಅದು ರೂಢಿ. ಎಡ ಕಂಡ್ರ ಮನಸ್ಸು ತಾನ ಬಲ ಅಂತದ."

"ಅಂದ್ರ ನಿಮ್ಮನ್ನ ಈ ಕನ್ನಡಿ ಮೋಸ ಮಾಡಂಗಿಲ್ಲ."

"ಇಲ್ಲ."

ಹೇಳಿದ ಮೇಲೆ ಆ ಮಾತಿನ ತೂಕ ಗೌಡನಿಗೆ ತಿಳಿಯಿತು. ಅವನು ಬೇಗ ಬೇಗ ಸೇರಿಸಿದ: "ಆ ದಿನಾನೂ ಹಂಗೇ. ಕಣ್ಣಿಗೆ ಬಲಗೈ ಕಂಡ್ತು. ತಿರುವಿ ಎಡಗೈ ಅಂತ ಹೇಳಿದೆ. ಇದ್ದದ್ದನ್ನ ಹೇಳೇನಿ."

"ಒಂದೀಟು ಎದ್ದು ನಿಂದರ್ರಿ."

"ಯಾಕ?"

"ನಿಂದರ್ರಿ."

ಗೌಡ ನಿಂತ. ಮುರ್ತುಜಾ ಅವನ ಎದುರು, ಒಂದು ಮಾರು ಅಂತರದಲ್ಲಿ ನಿಂತ.

"ಇಬ್ಬರೂ ಎದುರಾಬದುರು ನಿಂತಿದ್ರು ಅಂತ ಹೇಳಿಕಿ ಕೊಟ್ಟೀರಿ. ಹಿಂಗ. ಈಗ ನಾನು ಎಡಚ ಅಂತ ತಿಳಕೊಳ್ರಿ."

ಅವನು ಎಡಗೈಯನ್ನು ಮೇಲೆತ್ತಿ, ಸಲಿಕೆ ಬೀಸಿದ ಹಾಗೆ ನಿಧಾನವಾಗಿ ತಂದ. ಅಂಗೈ ಹೋಗಿ ಗೌಡನ ಬಲಗಣತಲೆಯ ಹತ್ತಿರ ನಿಂತಿತು.

"ಪೆಟ್ಟು ಇಲ್ಲಿ ಬೀಳಬೇಕಿತ್ತು. ಹೆಣದ ಪೆಟ್ಟು ಆ ಕಡೆ ಅದ. ಡಾಕ್ಟರ ಕೈಲೆ ಮುಟ್ಟಿ ನೋಡ್ಯಾರ. ಹೊಡದಾವ ಬಲಗೈಯಾವ."

ಗೌಡ ಆ ಕೈಯನ್ನು ನೋಡಿದ. ಮುರ್ತುಜಾ ಕೈ ಇಳಿಸಿದ.

"ಕನ್ನಡಿ ನಿಮಗ ಸುಳ್ಳು ಹೇಳಿತ್ತು ಅಂತ ತಿಳಕೊಂಡು ಬಂದಿದ್ದೆ. ಕನ್ನಡಿ ಹೇಳಿದ್ದ ಸುಳ್ಳನ್ನ ಗೊತ್ತಿದ್ದೂ ನೀವು ಹೇಳೀರಿ. ಯಾರನ್ನ ಉಳಸಾಕತ್ತೀರಿ?"

"ಯಾರನ್ನೂ ಉಳಸಾಕತ್ತಿಲ್ಲ."

"ಇನ್ನೊಂದು ಕೇಳ್ತೇನಿ. ಇದರಾಗ ನಮ್ಮ ಲಾಲಸಾಬನ ನರತ ಮೀಸಿ ಸುದ್ದಾ ಕಾಣ್ತದ. ಹೊಡದಾವನ ಮುಖ ನಿಮಗ ಯಾಕ ಕಾಣ್ಲಿಲ್ಲ?"

"ಹೇಳಿಕ್ಯಾಗ ಅದ. ಅವ ಮುಖಕ್ಕ ಟವೆಲ್ಲು ಸುತ್ತಿದ್ದ."

"ಸುತ್ತಿರಲಿಲ್ಲರಿ."

ಮಾತು ಬಂದದ್ದು ಮೆಟ್ಟಿಲ ಬಾಯಿಂದ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಗಿಡ್ಡ ಮೈಕಟ್ಟು, ವಯಸ್ಸು ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಮುರ್ತುಜಾ ಅವಳನ್ನು ನೋಡಿ, ಆ ಗಿಡ್ಡ ಮಣೆಯನ್ನು ನೋಡಿದ. ಅದು ಯಾರ ಅಳತೆಗೆ ಇಟ್ಟದ್ದೆಂದು ಆಗ ತಿಳಿಯಿತು.

"ಸಕ್ಕು, ಕೆಳಗ ಹೋಗು," ಎಂದ ಗೌಡ.

ಅವಳು ಹೋಗಲಿಲ್ಲ. ಮೇಲೆ ಬಂದಳು.

"ನಾಳೆ ಅವನ್ನ ಗುಲ್ಬರ್ಗಾಕ್ಕ ಒಯ್ತಾರಂತ. ನೀರಿಗೆ ಹೋದಾಗ ಮಂದಿ ಮಾತಾಡಾಕತ್ತಿದ್ರು," ಎಂದಳು ಅಣ್ಣನಿಗೆ. ಆಮೇಲೆ ಅಮೀನನ ಕಡೆ ತಿರುಗಿ, ಅವನ ಮುಖ ನೋಡದೆ, ದುರ್ಬೀನಿನ ಹಿತ್ತಾಳೆಯನ್ನು ನೋಡುತ್ತ ಹೇಳಿದಳು. "ಅವತ್ತು ನೋಡಿದಾಕಿ ನಾನರಿ. ಅಣ್ಣ ಕೆಳಗ ಕಣದಾಗ ಇದ್ದ."

"ಹೇಳವಾ ತಂಗಿ. ಏನು ನೋಡಿದಿ?"

"ಚುಕ್ಕಿ ಮೂಡೂ ತನಕ ದಿನಾ ಹೊಳಿ ನೋಡ್ತೇನ್ರಿ. ಅಣ್ಣನ ಕಲಿಸ್ಯಾನ. ಗಡ್ಡಿ ಮ್ಯಾಲ ಇಬ್ಬರು ನಿಂತು ಮಾತಾಡಾಕತ್ತಿದ್ರು. ಒಬ್ಬ ಸಲಿಕಿ ಎತ್ತಿ ಹೊಡದ. ಒಂದ ಪೆಟ್ಟು. ನನಗ ರೊಡ್ಡಗೈಲೆ, ಅಂದ್ರ ಎಡಗೈಲೆ ಹೊಡದಂಗ ಕಂಡ್ತು. ಕೆಳಗ ಓಡಿ ಅಣ್ಣಗ ಹೇಳಿದೆ."

"ಆಮ್ಯಾಲೆ?"

"ಗಡ್ಡಿ ಮ್ಯಾಲ ಒಬ್ಬನ್ನ ಹೊಡದ್ರು, ರೊಡ್ಡಗೈಲೆ ಹೊಡದ್ರು ಅಂದೆ. ಅಷ್ಟು ಕೇಳಿದ್ದ ತಡ ಅಣ್ಣ ರುಮಾಲು ಸುತ್ತಿಕೊಂಡು ಠಾಣೇಕ್ಕ ಹೋದ. ಮುಂದ ಏನೂ ಕೇಳ್ಲಿಲ್ಲ. ನೀ ನೋಡಿದ್ದು ಯಾರಿಗೂ ಹೇಳಬ್ಯಾಡ, ಮನಿ ಹೆಣ್ಮಗಳನ್ನ ಅದಾಲತ್ತಿನಾಗ ನಿಂದರಸ್ತಾರ, ಅಂದ."

"ಈ ಕನ್ನಡಿ ಎಡಬಲ ತಿರುವಿ ತೋರಸ್ತದ ಅಂತ ನಿನಗ ಗೊತ್ತಿರಲಿಲ್ಲೇನು?"

ಅವಳು ಅಣ್ಣನ ಮುಖ ನೋಡಿದಳು. ಗೊತ್ತಿರಲಿಲ್ಲ ಎಂಬುದನ್ನು ಆ ನೋಟವೇ ಹೇಳಿತು. ಚುಕ್ಕಿಗೆ ಎಡ ಯಾವುದು, ಬಲ ಯಾವುದು? ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆಯ ಮಟ್ಟಿಗೆ ಇಷ್ಟು ದಿನವೂ ಎಡಗೈ ಎಡಗೈಯೇ ಆಗಿತ್ತು, ಆದರೂ ಅದು ಮಾಳಿಂಗಪ್ಪನ ಕೈ ಆಗಿರಲಿಲ್ಲ. ಆ ಎರಡನ್ನು ಹೊಂದಿಸಲಾಗದೆ ಅವಳು ಒಳಗೊಳಗೇ ಬೆಂದಿದ್ದಳು.

"ನಿಮಗ ಗೊತ್ತಿತ್ತು," ಎಂದ ಮುರ್ತುಜಾ ಗೌಡನಿಗೆ.

"ಗೊತ್ತಿತ್ತು."

"ತಂಗಿ ಎಡ ಅಂದ್ಲು. ಅಂದ್ರ ಬಲ. ಅದು ಗೊತ್ತಿದ್ದೂ ಎಡ ಅಂತನ ಬರಸಿದ್ರಿ. ಯಾಕ?"

ದೇವೀಂದ್ರಪ್ಪ ಮಾಳಿಗೆಯ ಅಂಚಿಗೆ ಹೋಗಿ ಹೊಳೆಗೆ ಮುಖ ಮಾಡಿ ನಿಂತ. ದಂಡೆಯ ಮೇಲೆ ಬೋರಲು ಹಾಕಿದ ಹರಗೋಲು ಒಂದು ದೊಡ್ಡ ಆಮೆಯಂತೆ ಕಾಣುತ್ತಿತ್ತು.

"ಗಂಡ ಸತ್ತು ಮನಿಗೆ ಬಂದಾಗ ಈಕಿ ಬಾಯಿ ಬಿಡ್ತಿರಲಿಲ್ಲ ಸಾಹೇಬ್ರ. ಮೂಲ್ಯಾಗ ಕುಂತಾಕಿ ಕುಂತಂಗ. ಹೊತ್ತು ಹೋಗಲಿ ಅಂತ ನಾನ ಈ ದುರ್ಬೀನಿನ ಮುಂದ ಕುಂದರಿಸಿದೆ. ಶನಿ ಸುತ್ತ ಬಳಿ ಇರೂದು ತೋರಿಸಿದೆ. ಅವತ್ತು ನಕ್ಕಳು. ಆಮ್ಯಾಲೆ ದಿನಾ ಹೊತ್ತು ಮುಳುಗೂಕ್ಕಿಂತ ಮೊದಲ ಮಾಳಿಗಿ ಹತ್ತಾಕ ಶುರು ಮಾಡಿದ್ಲು. ನನಗ ಖುಷಿ ಆತು. ಚುಕ್ಕಿ ಹುಚ್ಚು ಹತ್ತಿತು ಅಂತ ತಿಳಕೊಂಡೆ."

"ಮತ್ತ?"

"ಒಂದು ದಿನ ಆಕಿ ಎದ್ದು ಹೋದ ಮ್ಯಾಲೆ, ಶುಕ್ರ ಎಷ್ಟು ಏರ್ಯಾನ ನೋಡೂನು ಅಂತ ಕಣ್ಣಿಟ್ಟೆ. ನಳಿಕಿ ಆಕಾಶಕ್ಕ ಇರಲಿಲ್ಲ. ಹರಗೋಲು ಕಂಡ್ತು. ಅದರಾಗ ಮಾಳಿಂಗ ಹುಟ್ಟು ಹಾಕಾಕತ್ತಿದ್ದ."

ಸಕ್ಕುಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇಲ್ಲ ಎನ್ನಲಿಲ್ಲ.

"ಆಕಿ ಏನೂ ತಪ್ಪು ಮಾಡಿಲ್ಲ. ನೋಡ್ಯಾಳ, ಅಷ್ಟ. ಆದ್ರ ಊರ ಮಂದಿಗೆ ಅಷ್ಟು ಸಾಕು," ಎಂದ ಗೌಡ. "ರೊಡ್ಡಗೈ ಅಂತ ಆಕಿ ಬಾಯಿಂದನ ಬಂತು. ನಾ ಕಟ್ಟಿದ ಮಾತಲ್ಲ. ಅದನ್ನ ತಿರುವಲಿಲ್ಲ, ಇದ್ದಂಗ ಬಿಟ್ಟೆ."

"ಒಬ್ಬ ಮನುಷ್ಯಾ ಫಾಶಿ ಹೋಗ್ತಿದ್ದ."

"ಹೋಗ್ತಿದ್ದ," ಎಂದ ಗೌಡ. ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

ಮುರ್ತುಜಾ ಅವನನ್ನು ಬಯ್ಯಲಿಲ್ಲ. ಬಯ್ಯುವುದರಿಂದ ಕೆಲಸ ಮುಂದೆ ಹೋಗುವುದಿಲ್ಲವೆಂದು ಅವನ ಅನುಭವ. ಸುಳ್ಳು ಸಾಕ್ಷಿಯ ಲೆಕ್ಕ ಆಮೇಲೆ ನೋಡಿದರಾಯಿತು. ಮಾಳಿಂಗಪ್ಪ ಬಿಡುಗಡೆ ಆಗುತ್ತಾನೆ. ಈಗ ಬೇಕಾದದ್ದು ಬಲಗೈಯವನ ಹೆಸರು, ಮತ್ತು ಅವನ ಮುಖ ನೋಡಿದವಳು ಎದುರಿಗೇ ನಿಂತಿದ್ದಾಳೆ.

"ತಂಗಿ, ಟವೆಲ್ಲು ಸುತ್ತಿರಲಿಲ್ಲ ಅಂದಿ. ಹಂಗಾದ್ರ ಮುಖ ಕಂಡದ."

"ಕಂಡದರಿ."

"ಬೀರಲಿಂಗಪ್ಪನ್ನ ಹೊಡದಾವ ಯಾರು?"

ಸಕ್ಕುಬಾಯಿ ಗಡ್ಡೆಯ ಕಡೆ ನೋಡಿದಳು.

"ನಾ ಹೇಳಿದ್ರ ನೀವು ನಂಬಂಗಿಲ್ರಿ. ಊರೆಲ್ಲ ಅತ್ತು ಮಣ್ಣು ಕೊಟ್ಟು ಬಂದದ. ಅದಕ್ಕ ನನ್ನ ಕಣ್ಣ ತಪ್ಪೇನೋ ಅಂತ ಸುಮ್ಮ ಕುಂತೆ. ಆದ್ರ ಆ ಮುಖಾ ನಾ ದಿನಾ ನೋಡ್ತಿದ್ದೆ, ಅದ ಗಡ್ಡಿ ಮ್ಯಾಲ, ಅದ ಬಳ್ಳಿ ನಡುವ. ತಪ್ಪಾಗೂದು ಹ್ಯಾಂಗ?"

"ಹೇಳವಾ."

"ಬೀರಲಿಂಗಪ್ಪನ್ನ ಯಾರೂ ಹೊಡದಿಲ್ರಿ. ಸಲಿಕಿ ಹಿಡಿದಾವನ ಬೀರಲಿಂಗಪ್ಪ. ಬಿದ್ದಾವ ಯಾರೋ ಬ್ಯಾರೆ. ನಮ್ಮ ಊರಾವ ಅಲ್ಲ, ಈ ದಂಡಿ ಮ್ಯಾಲ ನಾ ಅವನ್ನ ಎಂದೂ ನೋಡಿಲ್ಲ."

ದೇವೀಂದ್ರಪ್ಪ ಗಕ್ಕನೆ ಈ ಕಡೆ ತಿರುಗಿದ. ಇದು ಅವನಿಗೂ ಗೊತ್ತಿರಲಿಲ್ಲ. ಕೇಳದೇ ಎದ್ದು ಹೋದವನಿಗೆ ಗೊತ್ತಾಗುವುದಾದರೂ ಹೇಗೆ?

ಮುರ್ತುಜಾ ಬಹಳ ಮೆಲ್ಲಗೆ ಕೇಳಿದ. "ಹೆಣ ಗಂಡಂದು ಅಂತ ನಿಂಬೆವ್ವ ಗುರುತು ಹಿಡದಾಳ. ಸೊನ್ನದ ದಂಡಿ ಮ್ಯಾಲ, ನನ್ನ ಮುಂದ."

"ಹೌದ್ರಿ. ಅದನ್ನ ಕೇಳಿದ ಮ್ಯಾಲೆ ನನಗ ಅಂಜಿಕಿ ಬಂತು," ಎಂದಳು ಸಕ್ಕುಬಾಯಿ. "ಅವ ಹೊಡದಾಗ ನಿಂಬೆವ್ವ ಅಲ್ಲೇ ಗುಡಿಸಲ ಮುಂದ ನಿಂತಿದ್ಲು. ಚೀರ್ಲಿಲ್ಲ, ಓಡ್ಲಿಲ್ಲ. ಬಂದು ಬಿದ್ದಾವನ ಕಾಲು ಹಿಡಿದ್ಲು. ಗಂಡ ಹೆಂಡತಿ ಕೂಡಿ ನೀರಿಗೆ ಎಳಕೊಂಡು ಹೋದ್ರು."

ಮುರ್ತುಜಾ ಅವಳ ಮಾತು ಮುಗಿಯುವುದನ್ನು ಕಾಯಲಿಲ್ಲ. ಮಣೆಯನ್ನು ಕಾಲಿನಿಂದ ಸರಿಸಿ, ಮೊಣಕಾಲೂರಿ ದುರ್ಬೀನಿಗೆ ಕಣ್ಣಿಟ್ಟ.

ಗುಡಿಸಲಿನ ಬಾಗಿಲು ಮುಚ್ಚಿತ್ತು. ಒಲೆಯ ಹೊಗೆ ನಿಂತಿತ್ತು. ಲಾಲಸಾಬ ಕೂತಿದ್ದ ಕಡೆ ಮರಳು ಕೆದರಿತ್ತು. ಅಲ್ಲಿಂದ ಆಚೆಯ ಕವಲಿನ ಕಡೆಗೆ, ಏನನ್ನೋ ಎಳೆದುಕೊಂಡು ಹೋದ ಹಾಗೆ, ಒಂದು ಅಗಲವಾದ ಗೀರು ಹೋಗಿತ್ತು. ಗೀರಿನ ಪಕ್ಕದಲ್ಲಿ ಇಬ್ಬರ ಹೆಜ್ಜೆಗಳಿದ್ದವು.

ಅರ್ಧ ಸೇದಿದ ಬೀಡಿ ಇನ್ನೂ ಹೊಗೆಯಾಡುತ್ತಿತ್ತು. ಲಾಲಸಾಬ ಎಲ್ಲಿಯೂ ಇರಲಿಲ್ಲ.